ಹಿಮ್ಮಡಿ ನೋವಿಗೆ ಸಿಲಿಕೋನ್ ಹೀಲ್ ಕಪ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಬೆಳಗ್ಗೆ ಎದ್ದು ಕಾಲು ನೆಲಕ್ಕೆ ಊರಿದೊಡನೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ಹಾಕಿದ ಮೇಲೆ ಸಡಿಲವಾಗಿ, ಸಂಜೆಗೆ ಮತ್ತೆ ಶುರುವಾಗುತ್ತದೆ. ಇಂಥ ನೋವು ಬಹುತೇಕ ಪ್ಲಾಂಟರ್ ಫೇಷಿಯೈಟಿಸ್‌ನದು, ಅಂದರೆ ಅಂಗಾಲಿನ ಗಟ್ಟಿ ಪಟ್ಟಿಯ ತೊಂದರೆ. ಇದಕ್ಕೆ ಮೆಡಿಕಲ್ ಶಾಪಿನಲ್ಲಿ ಮೊದಲು ಕೈಗೆ ಬರುವ ವಸ್ತು ಸಿಲಿಕೋನ್ ಹೀಲ್ ಕಪ್, ಶೂ ಒಳಗೆ ಹಿಮ್ಮಡಿಯ ಕೆಳಗಿಡುವ ಬಟ್ಟಲಿನಂಥ ಮೆತ್ತೆ. ಜೋಡಿಗೆ ಕೆಲವು ನೂರು ರೂಪಾಯಿ. ಎಷ್ಟೋ ಮನೆಗಳಲ್ಲಿ ಅದು ವಾರ ಕಳೆಯುವುದರೊಳಗೆ ಚಪ್ಪಲಿ ಸ್ಟ್ಯಾಂಡಿನ ಮೂಲೆ ಸೇರಿರುತ್ತದೆ. ಸರಿಯಾಗಿ ಆರಿಸಿ, ಸರಿಯಾದ ಶೂಗೆ ಹಾಕಿ, ಜೊತೆಗೆ ವ್ಯಾಯಾಮ ಮಾಡಿದರೆ ಈ ಬೆಲೆಗೆ ಇದಕ್ಕಿಂತ ಉಪಯುಕ್ತವಾದದ್ದು ಸಿಗುವುದು ಕಷ್ಟ. ಅದೊಂದೇ ನೋವು ವಾಸಿ ಮಾಡುತ್ತದೆಂದು ಕೊಂಡರೆ ಮಾತ್ರ ನಿರಾಸೆ ಖಂಡಿತ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಹರಡಿಕೊಂಡಿದೆ. ಅದೇ ಪ್ಲಾಂಟರ್ ಫೇಷಿಯಾ. ನಡೆಯುವಾಗ ಬೆರಳುಗಳು ಮೇಲಕ್ಕೆ ಬಾಗಿದಂತೆಲ್ಲ ಅದು ಬಿಗಿದು ಪಾದದ ಕಮಾನನ್ನು ಎತ್ತಿ ಹಿಡಿಯುತ್ತದೆ. ದಿನವಿಡೀ ನಿಂತು ಮಾಡುವ ಕೆಲಸ, ಏರಿದ ತೂಕ, ಬಿಗಿದ ಮೀನಖಂಡ, ಏಕಾಏಕಿ ಹೆಚ್ಚಿಸಿದ ವಾಕಿಂಗು ಇವೆಲ್ಲ ಸೇರಿ, ಪಟ್ಟಿ ಮೂಳೆಗೆ ಅಂಟಿಕೊಂಡಿರುವ ಜಾಗ ಹಾಳಾಗಿ ದಪ್ಪಗಾಗುತ್ತದೆ. ರಾತ್ರಿಯಿಡೀ ಪಾದ ಕೆಳಕ್ಕೆ ಬಾಗಿರುವುದರಿಂದ ಮುದುಡಿಕೊಂಡಿದ್ದ ಪಟ್ಟಿಯನ್ನು ಬೆಳಗಿನ ಮೊದಲ ಹೆಜ್ಜೆ ಒಮ್ಮೆಲೇ ಜಗ್ಗುತ್ತದೆ. ಎಕ್ಸ್-ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂದು ಕಂಡು ಗಾಬರಿಯಾಗುವವರು ಬಹಳ. ಅಂಥ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ, ಅದನ್ನು ಕರಗಿಸುವ ಎಣ್ಣೆ, ಮಾತ್ರೆ ಎಂದು ಹಣ ಸುರಿಯಬೇಡಿ.

ಈ ಜಗ್ಗಾಟವನ್ನು ಕಪ್ ತಡೆಯಲಾರದು. ಅದರ ಕೆಲಸವೇ ಬೇರೆ. ಹಿಮ್ಮಡಿ ಮೂಳೆಯ ಕೆಳಗೆ ಸುಮಾರು 2 ಸೆಂಟಿಮೀಟರ್ ದಪ್ಪದ ಕೊಬ್ಬಿನ ಮೆತ್ತೆ ಇದೆ. ಭಾರ ಬಿದ್ದಾಗ ಅದು ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ಕಪ್ಪಿನ ಅಂಚು ಅದನ್ನು ಸುತ್ತಲಿಂದ ಒತ್ತರಿಸಿ ಮೂಳೆಯ ಕೆಳಗೇ ಹಿಡಿದಿಡುತ್ತದೆ. ಹಾಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಂಚನ್ನು. ಬರೀ ಚಪ್ಪಟೆ ಪ್ಯಾಡನ್ನೂ ‘ಹೀಲ್ ಕಪ್’ ಎಂದೇ ಮಾರುತ್ತಾರೆ, ಅದು ಮೆತ್ತಗಿರುತ್ತದೆ, ಕೊಬ್ಬನ್ನು ಹಿಡಿದಿಡುವುದಿಲ್ಲ. ನಿಮ್ಮ ಹಿಮ್ಮಡಿ ಕಪ್ಪಿನೊಳಗೆ ಕೂತಾಗ ಎರಡೂ ಬದಿಯಲ್ಲಿ ಗೋಡೆ ಮೆಲ್ಲಗೆ ತಾಗಬೇಕು. ಬೆರಳು ತೂರುವಷ್ಟು ಸಂದಿ ಇದ್ದರೆ ಒಂದು ಸೈಜ್ ಚಿಕ್ಕದು ಕೇಳಿ. ಹಿಮ್ಮಡಿ ಅಂಚಿನ ಮೇಲೇ ಹತ್ತಿ ಕೂತರೆ ದೊಡ್ಡದು ಬೇಕು.

ಎರಡನೆಯದು, ನಡುವೆ ಬೇರೆ ಬಣ್ಣದಲ್ಲಿರುವ ಮೆದು ಬಿಲ್ಲೆ. ಹಲವು ಕಪ್‌ಗಳಲ್ಲಿ ಇದು ಸರಿಯಾಗಿ ಮಧ್ಯಕ್ಕಿರುತ್ತದೆ. ಆದರೆ ಫೇಷಿಯಾ ನೋವಿನ ಜಾಗ ಸಾಮಾನ್ಯವಾಗಿ ಹಿಮ್ಮಡಿಯ ಮಧ್ಯವಲ್ಲ, ಅದರ ಮುಂದಿನ ಅಂಚಿನಲ್ಲಿ, ಇನ್ನೊಂದು ಕಾಲಿನ ಕಡೆಗಿರುವ ಒಳಬದಿ. ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಅಯ್ಯೋ’ ಎನ್ನಿಸುವ ಜಾಗಕ್ಕೆ ಪೆನ್ನಿನಿಂದ ಚುಕ್ಕಿ ಇಟ್ಟು ಕಪ್ಪಿನಲ್ಲಿ ಕಾಲಿಡಿ. ಚುಕ್ಕಿಯ ಶಾಯಿ ಬಿಲ್ಲೆಯ ಮೇಲೆ ಬೀಳದಿದ್ದರೆ ಆ ಬಿಲ್ಲೆ ನಿಮ್ಮ ಪಾಲಿಗೆ ಬರೀ ಅಲಂಕಾರ. ಆಗ ಒಂದೇ ಹದದ ಸಿಲಿಕೋನಿನ ಕಪ್ಪೇ ವಾಸಿ.

ಮೂರನೆಯದು ಹದ. ಹೆಬ್ಬೆರಳನ್ನು ಕಪ್ಪಿನ ತಳಕ್ಕೆ ಬಲವಾಗಿ ಅದುಮಿ. ಕೆಳಗಿನ ಮೇಜು ಗಟ್ಟಿಯಾಗಿ ಬೆರಳಿಗೆ ತಾಕಿದರೆ, ನಿಮ್ಮ ಮೈಭಾರಕ್ಕೆ ಅದು ಕಾಗದದಷ್ಟೇ ಆಸರೆ ಕೊಟ್ಟೀತು. ಅದುಮಿದಾಗ ತಗ್ಗಿ, ಬಿಟ್ಟ ಕೂಡಲೇ ಪೂರ್ತಿ ಮೇಲೆದ್ದು ಬರಬೇಕು.

ಹಾಕುವುದರಲ್ಲಿ ಆಗುವ ತಪ್ಪುಗಳೇ ಹೆಚ್ಚು. ಹವಾಯಿ ಚಪ್ಪಲಿಗೆ, ಹಿಂಬದಿ ಪಟ್ಟಿಯಿಲ್ಲದ ಸ್ಯಾಂಡಲ್ಲಿಗೆ ಇದು ನಿಲ್ಲುವುದಿಲ್ಲ, ನಾಲ್ಕು ಹೆಜ್ಜೆಗೆ ಜಾರಿ ಕಮಾನಿನ ಕೆಳಗೆ ಬರುತ್ತದೆ. ಹಿಂಬದಿ ಗಟ್ಟಿಯಿರುವ, ಲೇಸ್ ಕಟ್ಟುವ ಶೂ ಬೇಕು. ನೋವು ಒಂದೇ ಕಾಲಿಗಿದ್ದರೂ ಎರಡೂ ಶೂಗೆ ಹಾಕಿ. ಇಲ್ಲದಿದ್ದರೆ ಒಂದು ಕಾಲು ಎತ್ತರವಾಗಿ ಸೊಂಟ, ಮಂಡಿ ದೂರು ಹೇಳುತ್ತವೆ. ಕಪ್ ಹಿಮ್ಮಡಿಯನ್ನು ಎತ್ತುವುದರಿಂದ ಶೂವಿನ ಹಿಂದಂಚು ಉಜ್ಜಿ ಬೊಕ್ಕೆಯಾಗಬಹುದು. ಆಗ ಒಳಗಿನ ಇನ್‌ಸೋಲ್ ತೆಗೆದು ಜಾಗ ಮಾಡಿ. ಶೂವಿನ ಸೋಲ್ ಒಂದು ಬದಿಗೆ ಸವೆದಿದ್ದರೆ ಕಪ್ ಕೂಡ ವಾಲುತ್ತದೆ, ಮೊದಲು ಶೂ ಬದಲಿಸಿ. ಮೊದಲ ದಿನ ಒಂದೆರಡು ಗಂಟೆ ಸಾಕು, ವಾರದಲ್ಲಿ ಇಡೀ ದಿನಕ್ಕೆ ಏರಿಸಿ. ಕೆಳಬದಿಯ ಅಂಟಿಗೆ ಧೂಳು, ಸಾಕ್ಸಿನ ನೂಲು ಹತ್ತಿ ಜಾರತೊಡಗಿದರೆ ಮೈಸೋಪು, ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿದರೆ ಹಿಡಿತ ಮರಳುತ್ತದೆ.

ಸಾವಿರಗಟ್ಟಲೆ ಕೊಟ್ಟು ಪಾದದ ಅಚ್ಚು ತೆಗೆಸಿ ಮಾಡಿಸುವ ಇನ್‌ಸೋಲ್ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ, 236 ಜನರ ಅಧ್ಯಯನದಲ್ಲಿ ಎಲ್ಲರಿಗೂ ಸ್ಟ್ರೆಚಿಂಗ್ ಹೇಳಿಕೊಡಲಾಗಿತ್ತು. 8 ವಾರಗಳ ಬಳಿಕ ಸಿಲಿಕೋನ್ ಬಳಸಿದವರಲ್ಲಿ 95%, ಬರೀ ಸ್ಟ್ರೆಚಿಂಗ್ ಮಾಡಿದವರಲ್ಲಿ 72%, ಅಚ್ಚಿನ ಇನ್‌ಸೋಲ್ ಹಾಕಿದವರಲ್ಲಿ 68% ಮಂದಿಗೆ ಸುಧಾರಣೆ ಕಂಡಿತು. ಸುಧಾರಣೆ ಎಂದರೆ ಪೂರ್ತಿ ವಾಸಿ ಎಂದಲ್ಲ, ಅವಧಿಯೂ ಚಿಕ್ಕದು. ಆದರೂ ಮೊದಲ ಖರ್ಚು ಕಪ್ಪಿನ ಮೇಲೆ ಮಾಡುವುದೇ ಸರಿ ಎನ್ನಲು ಅಷ್ಟು ಸಾಕು.

ಕಪ್ಪಿನ ದೊಡ್ಡ ಕೊರತೆ ನಮ್ಮ ಮನೆಗಳಲ್ಲಿ ಎದ್ದು ಕಾಣುತ್ತದೆ. ಹೊಸಿಲು ದಾಟಿದೊಡನೆ ಶೂ ಹೊರಗೆ, ಆಮೇಲೆ ಗ್ರಾನೈಟ್ ನೆಲದ ಮೇಲೆ ಬರಿಗಾಲು. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರಿಗೆ ಆಫೀಸಿನ ಶೂ ಒಳಗಿನ ಕಪ್ಪಿನಿಂದ ಏನು ಬಂತು? ಮನೆಯೊಳಗೇ ಇಡಲು ಒಂದು ಜೊತೆ ಎಂಸಿಆರ್ ಚಪ್ಪಲಿ ಬೇಕೇ ಬೇಕು. ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್, ಕುಷ್ಠರೋಗ ಮತ್ತು ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಗಳ ರಕ್ಷಣೆಗೆ ಬಳಸುವ ವಸ್ತು. ಮೇಲೆ ಮೆತ್ತನೆಯ ಪದರ, ಕೆಳಗೆ ಬಾಗದ ಗಟ್ಟಿ ಸೋಲ್ ಇರುವುದನ್ನು ಆರಿಸಿ. ಇಡೀ ಚಪ್ಪಲಿ ಹಿಂಡಿದಂತೆ ತಿರುಚಿಕೊಂಡರೆ ಬೇಡ. ದೇವರ ಮನೆಯ ಬಾಗಿಲಲ್ಲಿ ಬಿಟ್ಟು ಹೋದರಾಯಿತು.

ರಾತ್ರಿ ಪಾದವನ್ನು ನೇರ ಹಿಡಿಯುವ ನೈಟ್ ಸ್ಪ್ಲಿಂಟ್ ತಿಂಗಳುಗಟ್ಟಲೆ ಹಟ ಹಿಡಿದ ನೋವಿಗೆ ಸರಿ. ಸೆಕೆಗಾಲದಲ್ಲಿ ಅದನ್ನು ಕಟ್ಟಿಕೊಂಡು ನಿದ್ದೆ ಮಾಡುವುದು ಕಷ್ಟ.

ವ್ಯಾಯಾಮ ಎರಡೇ, ಆದರೆ ಬಿಡುವಂತಿಲ್ಲ. ಹಾಸಿಗೆಯಿಂದ ಇಳಿಯುವ ಮೊದಲೇ ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿದರೆ ಪಟ್ಟಿ ತಂತಿಯಂತೆ ಬಿಗಿದಿರಬೇಕು, ಇಲ್ಲದಿದ್ದರೆ ಎಳೆತ ಸಾಲದು. 10 ಸಲ, ದಿನಕ್ಕೆ 3 ಬಾರಿ. ಎರಡನೆಯದು ದಿನ ಬಿಟ್ಟು ದಿನ: ಮೆಟ್ಟಿಲ ಅಂಚಿನಲ್ಲಿ ಕಂಬಿ ಹಿಡಿದು, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಒಂಟಿ ಕಾಲಿನಲ್ಲಿ ನಿಲ್ಲಿ. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ತಡೆದು, 3 ಸೆಕೆಂಡಿನಲ್ಲಿ ಇಳಿಸಿ. 12 ಸಲದ 3 ಸೆಟ್‌ನಿಂದ ಶುರು. 2 ವಾರದ ನಂತರ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಏರಿಸಿ 10 ಸಲದ 4 ಸೆಟ್, 4 ವಾರಕ್ಕೆ ಭಾರ ಇನ್ನಷ್ಟು ಹೆಚ್ಚಿಸಿ 8 ಸಲದ 5 ಸೆಟ್. ಒಂಟಿ ಕಾಲು ಆಗದವರು ಎರಡರಲ್ಲೂ ಮಾಡಲಿ. ಮಾಡುವಾಗ ಸ್ವಲ್ಪ ನೋವು ಸಹಜ, ಮರುದಿನ ಬೆಳಗ್ಗೆ ಎಂದಿಗಿಂತ ಜಾಸ್ತಿಯಾದರೆ ಭಾರ ಇಳಿಸಿ. ಫಲ ತಿಂಗಳುಗಳಲ್ಲಿ ಬರುತ್ತದೆ, ದಿನಗಳಲ್ಲಿ ಅಲ್ಲ.

ಪಾದ ಜೋಮು ಹಿಡಿಯುವುದು, ಸುಮ್ಮನೆ ಮಲಗಿದ್ದಾಗಲೂ ನೋಯುವುದು, ಊತ, ಜ್ವರ, ಹಿಮ್ಮಡಿಯ ಎರಡೂ ಬದಿ ಹಿಂಡಿದರೆ ತೀವ್ರ ನೋವು, ಎಳೆ ವಯಸ್ಸಿನಲ್ಲಿ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಗ್ಗೆ ಬೆನ್ನು ಬಿಗಿಯುವುದು, ಇವು ಕಪ್ ಕೊಳ್ಳುವ ಲಕ್ಷಣಗಳಲ್ಲ, ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರೂ ಕೇಳದೆ ಕಪ್ ಹಾಕಬಾರದು, ಉಜ್ಜಿದ ಗಾಯ ಅವರಿಗೆ ಗೊತ್ತೇ ಆಗುವುದಿಲ್ಲ.

ಕೊಂಡ ದಿನ ಮಾಡಿದ ಹೆಬ್ಬೆರಳಿನ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ. ಅದುಮಿದ ಗುಳಿ ಹಾಗೇ ಉಳಿದರೆ ಅಥವಾ ಅಂಚು ಹೊರಕ್ಕೆ ಮಡಚಿಕೊಂಡಿದ್ದರೆ ಆ ಜೋಡಿಯ ಆಯುಸ್ಸು ಮುಗಿದಿದೆ.