ಕಾರ್ಬೈಡ್‌ನಲ್ಲಿ ಗ್ರೇಡಿಯಂಟ್: ಪುಡಿ ಪದರ ಹಾಕೋದಾ, ಕಾರ್ಬನ್ ಕೊಡೋದಾ?

ಬಂಡೆ ಕೊರೆಯೋ ಬಿಟ್‌ನ ಬಟನ್ (ತುದಿಯಲ್ಲಿ ಕೂರಿಸೋ ಕಾರ್ಬೈಡ್ ತುಂಡು) ಹೊರಗೆ ಸವೀಬಾರ್ದು, ಒಳಗೆ ಏಟಿಗೆ ಒಡೀಬಾರ್ದು. ಟಂಗ್‌ಸ್ಟನ್ ಕಾರ್ಬೈಡ್ ಕಾಳುಗಳನ್ನ ಹಿಡಿದಿಡೋ ಲೋಹ ಕೋಬಾಲ್ಟ್, ಅದು ಕಮ್ಮಿ ಇದ್ರೆ ಗಟ್ಟಿ, ಜಾಸ್ತಿ ಇದ್ರೆ ಏಟು ತಡೆಯುತ್ತೆ. ಅಂದ್ರೆ ಕೋಬಾಲ್ಟ್ ಹೊರಗೆ ಕಮ್ಮಿ, ಒಳಗೆ ಜಾಸ್ತಿ ಇರ್ಬೇಕು, ಈ ವ್ಯತ್ಯಾಸಾನೇ ಗ್ರೇಡಿಯಂಟ್. ನಮ್ ಲ್ಯಾಬಲ್ಲಿ ಎರಡು ದಾರೀನೂ ಮಾಡಿ ನೋಡಿದೀವಿ.

ಮೊದಲ್ನೇದು ಎಲ್ಲರಿಗೂ ಹೊಳೆಯೋದೇ, 6% ಕೋಬಾಲ್ಟ್ ಪುಡಿ ಮೇಲೆ 16% ಪುಡಿ ಹಾಕಿ ಒಟ್ಟಿಗೆ ಪ್ರೆಸ್ ಮಾಡಿ, ಪುಡಿ ಹಿಡಿದಿಡೋಕೆ ಸೇರ್ಸಿದ್ದ ವ್ಯಾಕ್ಸ್ ತೆಗ್ದು, ವ್ಯಾಕ್ಯೂಮಲ್ಲಿ 1400 ಡಿಗ್ರಿಗೆ ಬಿಡೋದು. ಪ್ರೆಸ್ಸಿಂದ ಬಂದಾಗ ಪೀಸ್ ಚೆನ್ನಾಗೇ ಇರುತ್ತೆ, ಆದ್ರೆ ಫರ್ನೇಸಲ್ಲಿ ಕೋಬಾಲ್ಟ್ ಕರಗಿದ ಕೂಡ್ಲೇ ಕಾಳುಗಳ ಸಂದಿಯಲ್ಲಿ ಎಳ್ಕೊಂಡು ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆ ಹೋಗ್ಬಿಡುತ್ತೆ. ಕಟ್ ಮಾಡಿ, ಪಾಲಿಶ್ ಹೊಡ್ದು, ಅಡ್ಡಕ್ಕೆ ವಿಕರ್ಸ್ (ವಜ್ರದ ಮೊನೆ ಒತ್ತಿ ಹಾರ್ಡ್‌ನೆಸ್ ಅಳೆಯೋ ಟೆಸ್ಟ್) ಹೊಡ್ಕೊಂಡು ಹೋದ್ರೆ ಹಾರ್ಡ್‌ನೆಸ್ ಗೆರೆ ಹೆಚ್ಚುಕಮ್ಮಿ ಚಪ್ಪಟೆ. ಹೋಲ್ಡ್ ಟೈಮ್ ಕಡಿಮೆ ಮಾಡಿದ್ರೆ 6% ಕಡೆ ಪೋರ್ಸ್ ಉಳೀತವೆ. ಸಣ್ಣ ಕಾಳು ಕೋಬಾಲ್ಟನ್ನ ಹಿಡ್ಕೊಳುತ್ತೆ ಅಂತ 16% ಕಡೆ ಸಣ್ಣ ಕಾಳಿನ ಪುಡಿ ಹಾಕ್ಬಹುದು, ಗ್ರೇಡಿಯಂಟ್ ನಿಲ್ಲುತ್ತೆ, ಆದ್ರೆ ಸಣ್ಣ ಕಾಳು ಅಂದ್ರೆ ಆ ಕಡೇನೂ ಗಟ್ಟಿ ಆಯ್ತಲ್ಲ, ನಮಗೆ ಬೇಕಿದ್ದ ವ್ಯತ್ಯಾಸಾನೇ ಅರ್ಧ ಹೋಯ್ತು.

ಎರಡನೇದು ಕಾರ್ಬನ್ ದಾರಿ, 1980ರ ದಶಕದಲ್ಲಿ ಸ್ಯಾಂಡ್‌ವಿಕ್ ಬಂಡೆ ಡ್ರಿಲ್ಲಿಂಗ್‌ಗೆ ತಂದಿದ್ದು. ಸರಿಯಾದ ಕಾರ್ಬೈಡಲ್ಲಿ ಕಾರ್ಬನ್ 6.13% ಇರುತ್ತೆ, ಸ್ವಲ್ಪ ಟಂಗ್‌ಸ್ಟನ್ ಪುಡಿ ಸೇರ್ಸಿ ಬೇಕಂತ್ಲೇ ಕಾರ್ಬನ್ ಕೊರತೆ ಮಾಡಿ ಸಿಂಟರ್ ಮಾಡಿದ್ರೆ (ಫರ್ನೇಸಲ್ಲಿ ಕಾಯ್ಸಿ ಗಟ್ಟಿ ಮಾಡಿದ್ರೆ) ಪೂರ್ತಿ ಈಟಾ ಫೇಸ್ (ಟಂಗ್‌ಸ್ಟನ್, ಕೋಬಾಲ್ಟ್, ಕಾರ್ಬನ್ ಸೇರಿದ, ಕಾರ್ಬನ್ ಕಮ್ಮಿ ಇರೋ ಸಂಯುಕ್ತ) ಹರಡಿರುತ್ತೆ. ಆಮೇಲೆ ಮೀಥೇನ್-ಹೈಡ್ರೋಜನ್ ಗ್ಯಾಸಲ್ಲಿ ಬಿಸಿ ಮಾಡಿದ್ರೆ ಹೊರಗಿಂದ ಕಾರ್ಬನ್ ಒಳಗೆ ಹೋಗ್ತಾ ಈಟಾ ಕರ್ಗಿ ಕಾರ್ಬೈಡ್ ಆಗುತ್ತೆ, ಕೋಬಾಲ್ಟ್ ಒಳಕ್ಕೆ ತಳ್ಳಿಸ್ಕೊಳುತ್ತೆ. ಕಟ್ ಮಾಡಿದ ಪೀಸನ್ನ ಮುರಾಕಾಮಿ ದ್ರಾವಣಕ್ಕೆ ಕೆಲವೇ ಸೆಕೆಂಡ್ ಅದ್ದಿದ್ರೆ ಈಟಾ ಇರೋ ನಡುಭಾಗ ಮಾತ್ರ ಕಪ್ಪಾಗುತ್ತೆ, ಸುತ್ತ ಬೂದು ಉಂಗುರ, ಬರಿಗಣ್ಣಿಗೇ ಕಾಣುತ್ತೆ! ಗ್ರೇಡಿಯಂಟ್ ಇದೆಯೋ ಇಲ್ವೋ ಅಂತ ವಾದವೇ ಇಲ್ಲ.

ಈಟಾ ಬ್ರಿಟಲ್ ಅನ್ನೋ ಭಯ ಇರೋರಿಗೆ ಯೂಟಾ ಯೂನಿವರ್ಸಿಟಿಯ ಫಾಂಗ್ ಗುಂಪಿನ ದಾರಿ ಇದೆ: ಈಟಾ ಬರದಷ್ಟು ಮಾತ್ರ ಕಾರ್ಬನ್ ಕಮ್ಮಿ ಇಟ್ಟು, ಘನ ಕೋಬಾಲ್ಟೂ ದ್ರವ ಕೋಬಾಲ್ಟೂ ಒಟ್ಟಿಗಿರೋ 1300 ಡಿಗ್ರಿ ಆಸುಪಾಸಲ್ಲಿ ಕಾರ್ಬನ್ ಕೊಡೋದು. ನನ್ ಓಟು ಇದಕ್ಕೇ. ಆದ್ರೆ ತಾಪಮಾನ ಸ್ವಲ್ಪ ಜಾರಿದ್ರೂ ಕೆಡುತ್ತೆ, ಮೀಥೇನ್ ಜಾಸ್ತಿ ಆದ್ರೆ ಮೇಲೆ ಮಸಿ ಕೂರುತ್ತೆ, ಹಾಗಾಗಿ ಕಾರ್ಬನ್ ಕೊಡೋಕ್ ಮುಂಚೆ ಪ್ರತಿ ಬ್ಯಾಚಿನ ಮ್ಯಾಗ್ನೆಟಿಕ್ ಸ್ಯಾಚುರೇಶನ್ (ಪೀಸ್ ಗರಿಷ್ಠ ಎಷ್ಟು ಮ್ಯಾಗ್ನೆಟ್ ಆಗುತ್ತೆ ಅನ್ನೋ ಅಳತೆ) ನೋಡ್ಕೊಳ್ಳಿ, ಕಾರ್ಬನ್ ಕಮ್ಮಿ ಇದ್ದಷ್ಟೂ ಅದು ಇಳಿದಿರುತ್ತೆ.