ತಂತಿಯಲ್ಲಿ 94, ಗಾಳಿಯಲ್ಲಿ 11: ಸಪ್ತಾಪುರದ ಮನೆಯಲ್ಲಿ ಮೂರು ವರ್ಷದ ಫೈಬರ್ ಸಂಪರ್ಕ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದು ಮೂರು ವರ್ಷ ದಾಟಿತು. ಮೊದಲ ಎರಡು ವರ್ಷ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಯೋಜನೆಯಲ್ಲಿದ್ದೆವು, ಈಗ ಒಂದು ವರ್ಷದಿಂದ 200ರಲ್ಲಿದ್ದೇವೆ. ನನ್ನದು ಪುಸ್ತಕಗಳ ಪುಟವಿನ್ಯಾಸದ ಕೆಲಸ. ಮಹಡಿಯ ಕೋಣೆಯಲ್ಲಿ ಕುಳಿತು ಸಿದ್ಧಪಡಿಸಿದ ಕಡತಗಳನ್ನು ಗದಗಿನ ಮುದ್ರಣಾಲಯಕ್ಕೆ ಕಳಿಸಬೇಕಾಗುತ್ತದೆ, ಚಿತ್ರಗಳಿರುವ ಪುಸ್ತಕವಾದರೆ ಒಂದೊಂದು ಕಡತ 450 ಎಂಬಿ (ಮೆಗಾಬೈಟ್, ಒಂದು ಬೈಟ್ ಎಂದರೆ ಎಂಟು ಬಿಟ್) ತೂಗುತ್ತದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮುಂದೆ ಬರುವ ದೂರುಗಳಲ್ಲಿ ಹೆಚ್ಚಿನವು ಯಾವ ಕಂಪನಿಯ ಗ್ರಾಹಕರಿಗೂ ಎದುರಾಗುವಂಥವು, ಮತ್ತು ಎರಡು ವರ್ಷ ನಾನು ಆ ಕಂಪನಿಯನ್ನು ಬೈದದ್ದರಲ್ಲಿ ಬಹುಪಾಲು ತಪ್ಪು ವಿಳಾಸಕ್ಕೆ ಹೋಗಿತ್ತು ಎಂಬುದು ಈಗ ನನಗೆ ಗೊತ್ತಾಗಿದೆ.

ಮೊದಲು ನನ್ನ ಅಳತೆಗಳನ್ನು ಹೇಳಿಬಿಡುತ್ತೇನೆ. 100ರ ಯೋಜನೆಯಲ್ಲಿ, ಪಡಸಾಲೆಯ ಬಾಗಿಲ ಪಕ್ಕದಲ್ಲಿರುವ ರೌಟರ್‌ಗೆ ಲ್ಯಾಪ್‌ಟಾಪನ್ನು ತಂತಿಯಿಂದ ಜೋಡಿಸಿ ಪರೀಕ್ಷಿಸಿದರೆ ಬೆಳಿಗ್ಗೆ, ಸಂಜೆ, ಮಧ್ಯರಾತ್ರಿ ಯಾವಾಗ ನೋಡಿದರೂ 94 ಬರುತ್ತಿತ್ತು. ಅದೇ ಪಡಸಾಲೆಯಲ್ಲಿ ಫೋನಿನ ವೈಫೈ 45ರ ಆಸುಪಾಸಿನಲ್ಲಿತ್ತು. ಮಹಡಿಯ ಕೋಣೆಯಲ್ಲಿ ಹಗಲು 11, ಸಂಜೆ ಏಳರ ನಂತರ 5 ಅಥವಾ 6. ಹೀಗಾಗಿ 450 ಎಂಬಿಯ ಕಡತವು ತಂತಿಯ ಮೂಲಕ ನಲವತ್ತು ಸೆಕೆಂಡುಗಳಲ್ಲಿ ಗದಗಿನ ದಾರಿ ಹಿಡಿದರೆ, ಮಹಡಿಯಿಂದ ಸಂಜೆ ಕಳಿಸಿದಾಗ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ವೈಫೈ ಎರಡು ಕ್ಷಣ ಕಡಿದುಹೋದರೆ ಅದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ದೂರು ಕೊಟ್ಟಾಗಲೆಲ್ಲ ಕಂಪನಿಯ ಹುಡುಗನೊಬ್ಬ ಬಂದು ತನ್ನ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, 94 ತೋರಿಸಿ, "ಲೈನ್ ಸರಿ ಐತ್ರಿ ಸರ್" ಎಂದು ಹೇಳಿ ಹೋಗುತ್ತಿದ್ದ. ಅವನ ಮಾತು ನಿಜವೇ ಆಗಿತ್ತು. ನಾವು ಹಣ ಕೊಟ್ಟು ಕೊಂಡ ವೇಗ ಬಾಗಿಲಿನವರೆಗೆ ಇಡಿಯಾಗಿ ಬರುತ್ತಿತ್ತು, ಕಳೆದುಹೋಗುತ್ತಿದ್ದುದು ಬಾಗಿಲಿನ ಈಚೆಗೆ, ನಮ್ಮ ಮನೆಯ ಗಾಳಿಯಲ್ಲಿ.

100ರ ಬದಲು 94 ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಈಥರ್ನೆಟ್ ಎಂಬ ಈ ಜಾಲದ ತಂತಿಯಲ್ಲಿ ಕಡತ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ತುಂಬಿದ ಪ್ರತಿ ಕಟ್ಟು ವಿಳಾಸ, ತಪಾಸಣೆಯ ಅಂಕಿ, ನಡುವಿನ ಬಿಡುವು ಎಲ್ಲ ಸೇರಿ 1538 ಬೈಟ್‌ಗಳಷ್ಟು ಜಾಗ ಹಿಡಿಯುತ್ತದೆ, ಅದರಲ್ಲಿ ನಮ್ಮ ಕಡತಕ್ಕೆ ಸೇರಿದ್ದು ಸುಮಾರು 1448. ಲೆಕ್ಕ ಹಾಕಿದರೆ ಸರಿಯಾಗಿ ನೂರಕ್ಕೆ 94. ಅಂದರೆ ತಂತಿ ತನಗಾಗಿ ಇಟ್ಟುಕೊಳ್ಳುವ ಕಮಿಷನ್ ನೂರಕ್ಕೆ ಆರು, ಮತ್ತು ಆ ದರ ಸಂಜೆಗೊಂದು ಬೆಳಿಗ್ಗೆಗೊಂದು ಆಗುವುದಿಲ್ಲ.

ವೈಫೈ ಹಾಗಲ್ಲ. ಇದನ್ನು ನನಗೆ ಅರ್ಥ ಮಾಡಿಸಿದ್ದು ಹುಬ್ಬಳ್ಳಿ–ಧಾರವಾಡದ ರಸ್ತೆಯೇ. ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸೇವೆಯ ಚಿಗರಿ ಬಸ್ಸಿಗೆ ಹೋಗಲು ಒಂದು, ಬರಲು ಒಂದು ಎಂದು ಮೀಸಲು ಪಥಗಳಿವೆ. ಈಥರ್ನೆಟ್ ತಂತಿಯೂ ಹಾಗೆಯೇ, ಕಳಿಸುವುದು ಮತ್ತು ಪಡೆಯುವುದು ಏಕಕಾಲಕ್ಕೆ ನಡೆಯುತ್ತವೆ. ವೈಫೈ ಎಂಬುದು ಪಕ್ಕದ ಸಾಮಾನ್ಯ ರಸ್ತೆ, ಅದೂ ಒಂದು ಸಲಕ್ಕೆ ಒಂದೇ ವಾಹನ, ಒಂದೇ ದಿಕ್ಕಿನಲ್ಲಿ ಸಾಗಬಹುದಾದ ರಸ್ತೆ. ರೌಟರ್ ಮಾತನಾಡುವಾಗ ಫೋನ್ ಸುಮ್ಮನಿರಬೇಕು, ಫೋನ್ ಮಾತನಾಡುವಾಗ ರೌಟರ್ ಕೇಳಿಸಿಕೊಳ್ಳಬೇಕು. ಮಾತನಾಡುವ ಮೊದಲು ಪ್ರತಿ ಉಪಕರಣವೂ ಗಾಳಿಯಲ್ಲಿ ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಆಲಿಸಿ, ಇಲ್ಲವೆಂದು ಖಚಿತವಾದ ಮೇಲೂ ತನಗೆ ತೋಚಿದಷ್ಟು ಚೂರು ಹೊತ್ತು ಕಾದು, ಆಮೇಲೆ ಕಳಿಸಬೇಕು. ಕಳಿಸಿದ್ದು ತಲುಪಿತೆಂಬ ರಶೀದಿ ಎದುರಿನಿಂದ ಬರಬೇಕು, ಬಾರದಿದ್ದರೆ ಅದೇ ಕಟ್ಟನ್ನು ಮತ್ತೆ ಕಳಿಸಬೇಕು. ಈ ಕಾಯುವಿಕೆ ಮತ್ತು ರಶೀದಿಗಳಿಗೇ ಸಮಯದ ದೊಡ್ಡ ಪಾಲು ಹೋಗುತ್ತದೆ. ಆದುದರಿಂದಲೇ ಡಬ್ಬಿಯ ಮೇಲೆ ಬರೆದಿರುವ ವೈಫೈ ವೇಗದಲ್ಲಿ ಅರ್ಧದಿಂದ ಮುಕ್ಕಾಲು ಪಾಲು ಕೈಗೆ ಸಿಕ್ಕರೆ ಅದು ಒಳ್ಳೆಯ ಫಲಿತಾಂಶವೆಂದೇ ತಿಳಿಯಬೇಕು.

ಡಬ್ಬಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಕಂಪನಿ ನಮಗೆ ಕೊಟ್ಟ ರೌಟರಿನ ಮೇಲೆ 300 ಎಂಬಿಪಿಎಸ್ ಎಂದು ಅಚ್ಚಾಗಿತ್ತು. ಅದು 2.4 ಗಿಗಾಹರ್ಟ್ಸ್‌ನ ರೇಡಿಯೋ ಪಟ್ಟಿಯನ್ನು ಮಾತ್ರ ಬಲ್ಲ ಉಪಕರಣ. ಆ 300 ಬರಬೇಕಾದರೆ 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು, ಎದುರಿನ ಉಪಕರಣಕ್ಕೂ ಎರಡು ಆಂಟೆನಾ ಇರಬೇಕು. ನೆರೆಹೊರೆಯ ಜಾಲಗಳು ಕಂಡರೆ ರೌಟರ್ ತಾನಾಗಿಯೇ 20 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಆಗ ಗರಿಷ್ಠ 144, ಒಂದೇ ಆಂಟೆನಾದ ಫೋನಿಗಾದರೆ 72. ಪಡಸಾಲೆಯಲ್ಲಿ ನನ್ನ ಫೋನಿಗೆ ಸಿಗುತ್ತಿದ್ದ 45 ಈ 72ರ ಪಾಲಿನದು. ಇದನ್ನು ತಿಳಿಯುವವರೆಗೂ 300ರಲ್ಲಿ 45 ಬರುತ್ತಿದೆ, ಉಳಿದದ್ದನ್ನು ಯಾರೋ ನುಂಗುತ್ತಿದ್ದಾರೆ ಎಂದೇ ನಾನು ನಂಬಿದ್ದೆ.

ಸಪ್ತಾಪುರವನ್ನು ಬಲ್ಲವರಿಗೆ ನೆರೆಹೊರೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ತುಂಬಿದ ಪಿಜಿಗಳು, ಕೋಚಿಂಗ್ ಕೇಂದ್ರಗಳು, ತಾಸಿನ ಲೆಕ್ಕದಲ್ಲಿ ಕುರ್ಚಿ ಕೊಡುವ ಓದುಕೋಣೆಗಳು, ಎಲ್ಲ ಕಡೆಗೂ ಒಂದೊಂದು ರೌಟರ್. ಒಂದು ಸಂಜೆ ಮಹಡಿಯಲ್ಲಿ ನಿಂತು ಫೋನಿನ ವೈಫೈ ವಿಶ್ಲೇಷಕ ಆ್ಯಪ್ ತೆರೆದಾಗ 26 ಜಾಲಗಳು ಕಂಡವು. 2.4 ಗಿಗಾಹರ್ಟ್ಸ್‌ನಲ್ಲಿ ಹದಿಮೂರು ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಬೀಳದಂತೆ ಬಳಸಲು ಸಿಗುವವು ಮೂರೇ: 1, 6 ಮತ್ತು 11. ನಮ್ಮ 6ನೇ ಚಾನೆಲ್‌ನಲ್ಲಿ ನಮ್ಮದೂ ಸೇರಿ ಒಂಬತ್ತು ಜಾಲಗಳಿದ್ದವು. ಯಾರೂ ಏನನ್ನೂ ನೋಡದಿದ್ದರೂ ಪ್ರತಿ ರೌಟರ್ "ನಾನಿಲ್ಲಿದ್ದೇನೆ" ಎಂದು ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಿರುತ್ತದೆ. ಹಳೆಯ ಉಪಕರಣಗಳಿಗೂ ತಿಳಿಯಲೆಂದು ಈ ಸಾರುವಿಕೆ ಸಾಮಾನ್ಯವಾಗಿ 1 ಎಂಬಿಪಿಎಸ್‌ನ ಬಲು ನಿಧಾನ ವೇಗದಲ್ಲಿ ನಡೆಯುತ್ತದೆ, ಒಂದೊಂದಕ್ಕೂ ಎರಡು ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೂ ಒಂಬತ್ತು ಡಂಗುರಗಳು ಸೇರಿ ಗಾಳಿಯ ಸಮಯದ ಐದರಲ್ಲೊಂದು ಪಾಲನ್ನು ನುಂಗಿಬಿಡುತ್ತವೆ. ಸಂಜೆ ಏಳರ ನಂತರ ಓದುಕೋಣೆಯಿಂದ ಮರಳಿದವರೆಲ್ಲ ಪಾಠದ ವಿಡಿಯೋ ಹಚ್ಚಿದರೆ ನನ್ನ ಕಡತದ ಸರದಿ ಯಾವಾಗ ಬರಬೇಕು? ತಂತಿಯ 94 ಕದಲದಿರುವುದಕ್ಕೂ ಮಹಡಿಯ 11 ಸಂಜೆಗೆ ಅರ್ಧವಾಗುವುದಕ್ಕೂ ಕಾರಣ ಇದೇ.

ಹಗಲಿನಲ್ಲೂ ಅದು 11ಕ್ಕೇ ನಿಲ್ಲುತ್ತಿದ್ದುದಕ್ಕೆ ಮನೆಯ ಗೋಡೆ ಕಾರಣ. ಕೆಳಗಿನ ಭಾಗ ಅಜ್ಜನ ಕಾಲದ್ದು, ಒಂದೂವರೆ ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ. ಮೇಲಿನದು ನಂತರ ಏರಿಸಿದ್ದು, ನಡುವೆ ಕಬ್ಬಿಣದ ಸರಳುಗಳ ಕಾಂಕ್ರೀಟ್ ತಾರಸಿ. ಅದೇ ಆ್ಯಪ್‌ನಲ್ಲಿ ಸಂಕೇತದ ಬಲ ನೋಡಿದರೆ ರೌಟರ್ ಪಕ್ಕದಲ್ಲಿ ಮೈನಸ್ 38, ಮಹಡಿಯ ಮೇಜಿನ ಬಳಿ ಮೈನಸ್ 74. ಡೆಸಿಬೆಲ್ ಅಳತೆಯಲ್ಲಿ 3 ಇಳಿದರೆ ಬಲ ಅರ್ಧವಾಗುತ್ತದೆ. ಇಲ್ಲಿ 36 ಇಳಿದಿದೆ, ಅಂದರೆ ಪಡಸಾಲೆಯಲ್ಲಿದ್ದ ಬಲದ ನಾಲ್ಕು ಸಾವಿರದಲ್ಲಿ ಒಂದು ಪಾಲು ಮಾತ್ರ ಮೇಲೆ ತಲುಪುತ್ತಿದೆ. ಸಂಕೇತ ಸ್ಪಷ್ಟವಾಗಿದ್ದಾಗ ಒಮ್ಮೆಗೆ ಆರಾರು ಬಿಟ್ ತುಂಬಿ ಕಳಿಸುವ ರೌಟರ್, ಅದು ಮಸುಕಾದಾಗ ಎದುರಿನವರಿಗೆ ತಪ್ಪು ಕೇಳಿಸಬಾರದೆಂದು ಒಂದೋ ಎರಡೋ ಬಿಟ್‌ಗೆ ಇಳಿಯುತ್ತದೆ. ಕಿವಿ ಮಂದವಾದ ಹಿರಿಯರೊಡನೆ ನಾವು ಒಂದೊಂದೇ ಶಬ್ದ ಬಿಡಿಸಿ ಹೇಳುವಂತೆ. ಹೀಗೆ ನಿಧಾನವಾಗಿ ಮಾತನಾಡಿಸಿಕೊಳ್ಳುವ ಒಂದು ಉಪಕರಣ ಮನೆಯಲ್ಲಿದ್ದರೆ ಉಳಿದವುಗಳಿಗೂ ಅದರಿಂದ ತೊಂದರೆಯಿದೆ, ಏಕೆಂದರೆ ಅದರ ಮಾತು ಮುಗಿಯುವವರೆಗೆ ಎಲ್ಲವೂ ಕಾಯಬೇಕು. ಹಿತ್ತಲ ಕೋಣೆಯಲ್ಲಿ ಅಮ್ಮ ಹಳೆಯ ಫೋನಿನಲ್ಲಿ ಭಜನೆ ಕೇಳುತ್ತಿದ್ದಾಗ ಪಡಸಾಲೆಯ ಟಿವಿ ತಡವರಿಸುತ್ತಿದ್ದುದು ಇದೇ ಕಾರಣಕ್ಕೆ ಎಂದು ನನ್ನ ಅನುಮಾನ. ಅಮ್ಮನಿಗೆ ಇದನ್ನು ಹೇಳುವ ಧೈರ್ಯವನ್ನು ನಾನು ಇದುವರೆಗೆ ಮಾಡಿಲ್ಲ.

ಮೊದಲು ನಾನು ಮಾಡಿದ ಉಪಾಯ ತಪ್ಪಾಗಿತ್ತು. ಮೆಟ್ಟಿಲ ತಿರುವಿನಲ್ಲಿಡಲು ಒಂದೂವರೆ ಸಾವಿರ ಕೊಟ್ಟು ರಿಪೀಟರ್ ತಂದೆ. ಫೋನಿನಲ್ಲಿ ವೈಫೈ ಗೀಟುಗಳು ತುಂಬಿದವು, ವೇಗ ಮಾತ್ರ 14 ದಾಟಲಿಲ್ಲ. ಒಂದೇ ರೇಡಿಯೋ ಇರುವ ರಿಪೀಟರ್ ತಾನು ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳುತ್ತದೆ, ಹಾಗಾಗಿ ಪ್ರತಿ ಕಟ್ಟಿಗೂ ಗಾಳಿಯಲ್ಲಿ ಎರಡು ಪಟ್ಟು ಸಮಯ ಬೇಕಾಗುತ್ತದೆ. ಗೀಟುಗಳು ಸಂಕೇತದ ಬಲವನ್ನು ತೋರಿಸುತ್ತವೆಯೇ ಹೊರತು ವೇಗವನ್ನಲ್ಲ.

ಮೂರನೆಯ ವರ್ಷ 200ರ ಯೋಜನೆಗೆ ಬದಲಾಯಿಸಿದೆವು. ಬಿಲ್ಲು ಏರಿತು, ತಂತಿಯ ಪರೀಕ್ಷೆಯಲ್ಲಿ ಮತ್ತೆ ಅದೇ 94 ಬಂತು. ಈ ಸಲದ ದೂರು ಮಾತ್ರ ಸರಿಯಾದ ವಿಳಾಸಕ್ಕೇ ಹೋಗಬೇಕಾದದ್ದು: ಕಂಪನಿ ಕೊಟ್ಟಿದ್ದ ರೌಟರಿನ ತಂತಿ ಸಿಕ್ಕಿಸುವ ಕಿಂಡಿಗಳೇ 100 ಎಂಬಿಪಿಎಸ್‌ನವು. 200ರ ಹಣ ಪಡೆದು, ಅದನ್ನು ಹಾಯಿಸಲಾರದ ಉಪಕರಣವನ್ನು ಗ್ರಾಹಕನ ಮನೆಯಲ್ಲಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ಬದಲಿ ಕೊಡಲು ಅವರು ಪ್ರತ್ಯೇಕ ಶುಲ್ಕ ಕೇಳಿದ್ದರಿಂದ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಗಿಗಾಬಿಟ್ (1000 ಎಂಬಿಪಿಎಸ್) ಕಿಂಡಿಗಳಿರುವ, 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಬಲ್ಲ ರೌಟರನ್ನು ನಾನೇ ಕೊಂಡು ತಂದೆ. ಅದರ ಮೇಲೆ 1200 ಎಂದು ಬರೆದಿದೆ. 2.4ರ 300 ಮತ್ತು 5ರ 867 ಸೇರಿಸಿ, ದುಂಡಗೆ ಮಾಡಿದ ಅಂಕಿ ಅದು. ಯಾವ ಫೋನಿಗೂ ಆ 1200 ಒಟ್ಟಿಗೆ ಸಿಗುವುದಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಈ ರೌಟರ್ ಬಂದ ಮೇಲೆ ಪಡಸಾಲೆಯಲ್ಲಿ ತಂತಿಗೂ ವೈಫೈಗೂ ಇದ್ದ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಅಗಲವಾಗಿವೆ, ಸಂಖ್ಯೆಯಲ್ಲೂ ಹೆಚ್ಚಿವೆ, ನೆರೆಮನೆಯ ಗದ್ದಲ ಗೋಡೆ ದಾಟಿ ಬರುವುದು ಕಡಿಮೆ. ಫೋನಿನಲ್ಲಿ 190 ಬರುತ್ತದೆ. ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್ ಇನ್ನೂ ಬಡಪಾಯಿಯಾದ್ದರಿಂದ ನನ್ನ ಮಹಡಿಗೆ ಅದರಿಂದ ದೊಡ್ಡ ಪ್ರಯೋಜನವಾಗಲಿಲ್ಲ, 25 ಬಂದರೆ ಹೆಚ್ಚು.

ಕೊನೆಗೆ ತಂತಿಯನ್ನೇ ಮೇಲಕ್ಕೆ ಒಯ್ದೆವು. ಕ್ಯಾಟ್‌–6 ಕೇಬಲ್ 35 ಮೀಟರ್ ಬೇಕಾಯಿತು. ತಾಮ್ರದ ಈಥರ್ನೆಟ್ ತಂತಿ 100 ಮೀಟರ್‌ವರೆಗೆ ನಿರಾಳವಾಗಿ ಕೆಲಸ ಮಾಡುವುದರಿಂದ ಉದ್ದದ ಚಿಂತೆಯಿರಲಿಲ್ಲ, ಚಿಂತೆ ಇದ್ದದ್ದು ತಾಮ್ರದ್ದು. ಮೊದಲ ಅಂಗಡಿಯಾತ ಅರ್ಧ ದರಕ್ಕೆ ತೋರಿಸಿದ ಕೇಬಲಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಕೆಂಪು ಲೇಪದ ಒಳಗೆ ಬೆಳ್ಳಗೆ ಅಲ್ಯುಮಿನಿಯಂ ಕಂಡಿತು. ಅದನ್ನು ಬಿಟ್ಟು ಶುದ್ಧ ತಾಮ್ರದ್ದನ್ನು ಕೊಂಡೆ. ಕೇಬಲ್, ಹೊರಗೋಡೆಯ ಪೈಪು, ಕೂಲಿ ಎಲ್ಲ ಸೇರಿ 2,600 ರೂಪಾಯಿ ಆಯಿತು.

ಕೆಲಸ ಮುಗಿದ ಸಂಜೆ ಆಸೆಯಿಂದ ಪರೀಕ್ಷಿಸಿದರೆ ಮೂರನೆಯ ಸಲವೂ 94. ರೌಟರ್ ಹೊಸದು, ಕೇಬಲ್ ಹೊಸದು, ಅಂಕಿ ಮಾತ್ರ ಹಳೆಯದು. ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ತೆಗೆದು ನೋಡಿದಾಗ ಸಂಪರ್ಕದ ವೇಗ 1000 ಇರಬೇಕಾದಲ್ಲಿ 100 ಎಂದಿತ್ತು. 100 ಎಂಬಿಪಿಎಸ್‌ಗೆ ಕೇಬಲಿನ ನಾಲ್ಕು ಜೋಡಿ ಎಳೆಗಳಲ್ಲಿ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು, ಉಳಿದೆರಡು ಜೋಡಿಗಳಲ್ಲಿ ಒಂದು ಎಳೆ ಕೈಕೊಟ್ಟರೂ ಉಪಕರಣಗಳು ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದೆ. ಏಳು ಎಳೆಗಳು ತುದಿಯವರೆಗೆ ಮುಟ್ಟಿದ್ದವು, ಕಂದು ಬಣ್ಣದ ಎಂಟನೆಯದು ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ಉಳಿದಿತ್ತು. ಎಲೆಕ್ಟ್ರಿಷಿಯನ್ ಮರುದಿನ ಬಂದು, ಆ ತುದಿ ಕತ್ತರಿಸಿ, ಹೊಸ ಪ್ಲಗ್ ಒತ್ತಿದ. ಈಗ ಮಹಡಿಯಲ್ಲಿ 196ರಿಂದ 203ರ ನಡುವೆ ಬರುತ್ತದೆ. ಲ್ಯಾಪ್‌ಟಾಪ್ ಬಿಚ್ಚಿದ ಹೊತ್ತಿನಲ್ಲಿ ಅದೇ ತಂತಿಯ ತುದಿಗೆ ಹಳೆಯ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈ ಆಗಿ ಹಂಚುವ ಉಪಕರಣ) ಆಗಿ ಜೋಡಿಸುತ್ತೇನೆ, ಮಹಡಿಯ ಫೋನುಗಳಿಗೆ ಅದು ಸಾಲುತ್ತದೆ.

ವೇಗಕ್ಕಿಂತ ಹೆಚ್ಚಾಗಿ ನನಗೆ ಸಮಾಧಾನ ತಂದದ್ದು ವಿಳಂಬದ ಸ್ಥಿರತೆ. ವೈಫೈನಲ್ಲಿ ಮಹಡಿಯಿಂದ ರೌಟರಿಗೆ ಪಿಂಗ್ (ಹೋಗಿ ಬರಲು ಎಷ್ಟು ಹೊತ್ತೆಂದು ಅಳೆಯುವ ಪುಟ್ಟ ಸಂದೇಶ) ಕೊಟ್ಟರೆ ಒಮ್ಮೆ 4 ಮಿಲಿಸೆಕೆಂಡ್, ಮರುಕ್ಷಣ 90. ತಂತಿಯಲ್ಲಿ ಯಾವಾಗಲೂ ಒಂದಕ್ಕಿಂತ ಕಡಿಮೆ. ಮಗಳ ಆನ್‌ಲೈನ್ ತರಗತಿಯಲ್ಲಿ ಶಿಕ್ಷಕಿಯ ಮಾತು ನಡುವೆ ನುಂಗಿಹೋಗುತ್ತಿದ್ದುದಕ್ಕೆ ಆ 90 ಕಾರಣವಾಗಿತ್ತು, 11 ಎಂಬಿಪಿಎಸ್ ವಿಡಿಯೋ ತರಗತಿಗೆ ಧಾರಾಳವಾಗಿ ಸಾಕಾಗುತ್ತದೆ.

ಸಂಪರ್ಕಕ್ಕೆ ಐದರಲ್ಲಿ ನಾಲ್ಕು, ಅವರು ಕೊಟ್ಟ ರೌಟರಿಗೆ ಒಂದೂವರೆ ಅಂಕ ಕೊಡುತ್ತೇನೆ. ತಂತಿಯ ಬಗ್ಗೆ ಒಂದು ಅಳುಕು ಉಳಿದಿದೆ. ಬೀದಿಯಿಂದ ಬರುವ ಫೈಬರ್ ಗಾಜಿನದಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಹೊರಗೋಡೆಯ ಮೇಲೆ ಏರಿಸಿರುವ ತಾಮ್ರದ ಮಾತು ಹಾಗಲ್ಲ. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಗುಡುಗು ಕೇಳಿಸಿದ ಕೂಡಲೇ ಮೇಲೆ ಹೋಗಿ ಪ್ಲಗ್ ಕಿತ್ತಿಡುತ್ತೇನೆ, ಆ ಅರ್ಧ ತಾಸು ನಮ್ಮ ಮನೆಯಲ್ಲಿ ವೈಫೈಯೇ ಗತಿ.