77 ಗೆರೆಯ ರಟ್ಟು: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದ ಹಿಂದೆ 300 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಸ್ಟ್ರೋಬ್ ಡಿಸ್ಕ್ ತರಿಸಿದೆ. ಗ್ರಾಮೊಫೋನಿನ ಪ್ಲೇಟು (ರೆಕಾರ್ಡು) ಸರಿಯಾದ ವೇಗದಲ್ಲಿ ತಿರುಗುತ್ತಿದೆಯೇ ಅಂತ ನೋಡುವ, ಅಂಗೈಯಗಲದ ದುಂಡನೆ ರಟ್ಟು. ನಡುವೆ ತೂತು, ಅಂಚಿನ ಸುತ್ತ ಕಪ್ಪು ಗೆರೆಗಳು. ಅಷ್ಟೇ. ಕೀ ಕೊಟ್ಟು ತಿರುಗಿಸುವ ಹಳೆ ಗ್ರಾಮೊಫೋನು ನಿಮ್ಮ ಮನೆಯಲ್ಲಿದ್ದರೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಕಾರ ಮಾಡುವ ಸಾಮಾನು ಇನ್ನೊಂದು ಸಿಗುವುದಿಲ್ಲ.

ನಮ್ಮದು ಗದಗಿನ ಅಜ್ಜನ ಮನೆಯಿಂದ ಧಾರವಾಡಕ್ಕೆ ಬಂದ ಸೂಟ್‌ಕೇಸ್ ಗ್ರಾಮೊಫೋನು. ಜೊತೆಗೆ ಮೂವತ್ತೆಂಟು ಪ್ಲೇಟು. ಮೊದಲು ನಾನು ದುಡ್ಡು ಉಳಿಸಲು ಹೋಗಿ ಇಂಟರ್‌ನೆಟ್ಟಿನಿಂದ ಒಂದು ಚಿತ್ರ ಇಳಿಸಿಕೊಂಡು, ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿದ್ದೆ. ಸ್ಪೀಡಿನ ತಿರುಪು ಹಾಗೂ ಹೀಗೂ ತಿರುಗಿಸಿದ ಮೇಲೆ ಗೆರೆಗಳು ನಿಂತಂತೆ ಕಂಡವು, ಅಂದರೆ ವೇಗ ಸರಿಯಾಯಿತು ಅಂದುಕೊಂಡೆ. ಖುಷಿಯಿಂದ ಮಲ್ಲಿಕಾರ್ಜುನ ಮನ್ಸೂರರ ಪ್ಲೇಟು ಹಾಕಿದೆ. ಮಗ್ಗುಲ ಮನೆಯ ಪೇಟಿ (ಹಾರ್ಮೋನಿಯಂ) ಮಾಸ್ತರರು ಬಾಗಿಲಲ್ಲೇ ನಿಂತುಬಿಟ್ಟರು. "ಯವ್ವಾ, ಮನ್ಸೂರ ಅಣ್ಣಾರು ಇಷ್ಟ ಕೆಳಗ ಯಾವಾಗ ಹಾಡಿದ್ರು? ನಿನ್ನ ಮಷಿನ್ ಎಳ್ಯಾಕತ್ತೈತಿ ನೋಡು" ಅಂದರು.

ತಪ್ಪು ಮಷಿನ್ನಿನದಲ್ಲ, ನನ್ನ ಪ್ರಿಂಟಿನದು. ಅದರಲ್ಲಿ 92 ಗೆರೆ ಇದ್ದವು. ಅದು ಅಮೆರಿಕದ ಕರೆಂಟಿನ ಲೆಕ್ಕ. ಅಲ್ಲಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತ, ನಮ್ಮಲ್ಲಿ 50. ಒಂದೊಂದು ಆವರ್ತಕ್ಕೆ ದೀಪ ಎರಡು ಸಲ ಮಿನುಗುತ್ತದೆ. ನಮ್ಮ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ, ಅಂದರೆ ನಿಮಿಷಕ್ಕೆ 6000 ಸಲ ಮಿನುಗುತ್ತದೆ. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು. 6000ವನ್ನು 78ರಿಂದ ಭಾಗಿಸಿದರೆ ಹೆಚ್ಚುಕಡಿಮೆ 77. ರಟ್ಟಿನಲ್ಲಿ 77 ಗೆರೆ ಇದ್ದರೆ, ಒಂದು ಮಿನುಗಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಗೆರೆಯ ಜಾಗಕ್ಕೆ ಹಿಂದಿನ ಗೆರೆ ಬಂದು ಕೂರುತ್ತದೆ. ಕಣ್ಣಿಗೆ ಎಲ್ಲಾ ನಿಂತಂತೆ ಕಾಣುತ್ತದೆ. 92 ಗೆರೆ ನಮ್ಮ ದೀಪದ ಕೆಳಗೆ ನಿಂತರೆ ಪ್ಲೇಟು ತಿರುಗುತ್ತಿರುವುದು 65ರಲ್ಲಿ! ಪೇಟಿಯಲ್ಲಿ ಎಣಿಸಿದರೆ ಸ್ವರ ಮೂರು ಮನೆ (ಕಪ್ಪು, ಬಿಳಿ ಎರಡೂ ಸೇರಿಸಿ) ಕೆಳಗೆ. ಮಾಸ್ತರರ ಕಿವಿ ಸುಮ್ನೆ ಹೇಳಿರಲಿಲ್ಲ.

ಕೊಂಡ ರಟ್ಟಿನಲ್ಲಿ 77 ಗೆರೆ ಸರಿಯಾಗಿದ್ದವು, ಕೂತು ಎಣಿಸಿದ್ದೇನೆ. ಆದರೆ ಅದರ ಜೊತೆ ಬಂದ ಚೀಟಿಯಲ್ಲಿ ದೀಪದ ಬಗ್ಗೆ ಒಂದು ಮಾತೂ ಇರಲಿಲ್ಲ. ನಮ್ಮ ಹಾಲಿನ ಎಲ್‌ಇಡಿ ಬಲ್ಬಿನಲ್ಲಿ ಗೆರೆಗಳು ಕಾಣಲೇ ಇಲ್ಲ, ಬರೀ ಬೂದಿ ಬಣ್ಣದ ಪಟ್ಟಿ. ಅದು ಮಿನುಗದೆ ಒಂದೇ ಸಮ ಉರಿಯುವ ಬಲ್ಬು. ಕೊನೆಗೆ ಕೆಲಸಕ್ಕೆ ಬಂದದ್ದು ಅಡುಗೆಮನೆಯ ಹಳೆ ಟ್ಯೂಬ್‌ಲೈಟು, ತೂಕದ ತಾಮ್ರದ ಚೋಕ್ ಇರುವಂಥದ್ದು. ಎಕ್ಸ್‌ಟೆನ್ಶನ್ ಬಾಕ್ಸಿನ ಕೆಂಪು ನಿಯಾನ್ ಇಂಡಿಕೇಟರ್ ಕೂಡ ಆಗುತ್ತದೆ, ಕತ್ತಲು ಮಾಡಿಕೊಂಡು ಹತ್ತಿರ ಹಿಡಿಯಬೇಕು. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಮಾತ್ರ ಸ್ಪೀಡು ಮುಟ್ಟಬೇಡಿ. ಅದು ಕರಾರುವಾಕ್ಕಾಗಿ 50 ಕೊಡುತ್ತದೆ ಅನ್ನುವ ಭರವಸೆ ಇಲ್ಲ.

ಇನ್ನೊಂದು ಮಾತು. ಸುಮ್ನೆ ಖಾಲಿ ತಿರುಗಿಸಿ ಸ್ಪೀಡು ಹೊಂದಿಸುವವರೇ ಜಾಸ್ತಿ. ಪಿನ್ನು ಪ್ಲೇಟಿನ ಮೇಲೆ ಕೂತ ಕೂಡಲೇ ಸ್ಪ್ರಿಂಗ್ ಮೋಟಾರಿಗೆ ಭಾರ ಬಿದ್ದು ವೇಗ ಇಳಿಯುತ್ತದೆ. ಅದಕ್ಕೇ ಪೂರ್ತಿ ಕೀ ಕೊಟ್ಟು, ಪ್ಲೇಟು ಹಾಡುತ್ತಿರುವಾಗಲೇ ನೋಡಬೇಕು. ನನ್ನ ರಟ್ಟು ಸಣ್ಣದು, ಲೇಬಲ್ಲಿನ ಮೇಲೆ ಕೂರುತ್ತದೆ, ಪಿನ್ನಿಗೆ ಅಡ್ಡ ಬರುವುದಿಲ್ಲ. ಅದಕ್ಕೇ ನನಗೆ ಇದು ವೇಗ ಅಳೆಯುವ ಮೊಬೈಲ್ ಆ್ಯಪಿಗಿಂತ ಇಷ್ಟ. ಫೋನನ್ನು ತಟ್ಟೆಯ ಮೇಲಿಟ್ಟರೆ ಹಾಡಿಸುವುದು ಹೇಗೆ? ಗೆರೆಗಳು ಪ್ಲೇಟು ತಿರುಗುವ ಕಡೆಗೇ ಸರಿದರೆ ವೇಗ ಜಾಸ್ತಿ, ಹಿಂದಕ್ಕೆ ಸರಿದರೆ ಕಡಿಮೆ.

ಎರಡನೇ ವರ್ಷ ಗೆರೆಗಳು ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗಾಡತೊಡಗಿದವು. ಹುಬ್ಬಳ್ಳಿಯ ಗಡಿಯಾರ ರಿಪೇರಿಯವರೊಬ್ಬರು ಬಿಚ್ಚಿ ತೋರಿಸಿದರು. ಗವರ್ನರ್ ಅನ್ನುವ ಭಾಗದಲ್ಲಿ ಮೂರು ಸಣ್ಣ ಗುಂಡುಗಳು ತೆಳು ಪಟ್ಟಿಗಳ ಮೇಲೆ ಕೂತಿರುತ್ತವೆ. ವೇಗ ಏರಿದಂತೆ ಗುಂಡುಗಳು ಹೊರಗೆ ಹಾರಿ, ಒಂದು ಬಿಲ್ಲೆಯನ್ನು ಮೆತ್ತನೆ ಫೆಲ್ಟಿಗೆ ಒತ್ತಿ ಬ್ರೇಕ್ ಹಾಕುತ್ತವೆ. ಆ ಫೆಲ್ಟು ಒಣಗಿ ಕಲ್ಲಾಗಿತ್ತು. ಎರಡು ಹನಿ ಎಣ್ಣೆಗೆ ಸರಿಹೋಯಿತು. ರಟ್ಟು ಇಲ್ಲದಿದ್ದರೆ ನಾನು ಪ್ಲೇಟೇ ಸೊಟ್ಟಗಾಗಿದೆ ಅಂದುಕೊಳ್ಳುತ್ತಿದ್ದೆ.

ಕೊರತೆಗಳೂ ಇವೆ. ಧಾರವಾಡದ ಮಳೆಗಾಲಕ್ಕೆ ರಟ್ಟು ಉಬ್ಬಿತು. ಈಗ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟಿದ್ದೇನೆ. ಮೇಲಾಗಿ ಇದರಲ್ಲಿ 78 ಒಂದೇ ಇದೆ. 1925ರಲ್ಲಿ ಎಲೆಕ್ಟ್ರಿಕ್ ರೆಕಾರ್ಡಿಂಗ್ ಬರುವುದಕ್ಕೆ ಮೊದಲಿನ ಪ್ಲೇಟುಗಳು 70ರ ಆಸುಪಾಸಿನಿಂದ 80 ದಾಟಿಯೂ ಇರುತ್ತವೆ. ಅಂಥವಕ್ಕೆ ಗೆರೆ ಸಾಲದು, ಮಾಸ್ತರರೇ ಬೇಕು. ಸ್ವರ ಒಂದು ಮನೆ ಏರಲು ಪ್ಲೇಟಿನ ವೇಗ ನಿಮಿಷಕ್ಕೆ ನಾಲ್ಕೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ಏರಬೇಕು, ಅಷ್ಟು ಲೆಕ್ಕ ಇಟ್ಟುಕೊಂಡು ಅವರು ಪೇಟಿ ಹಿಡಿದು ಹುಡುಕುತ್ತಾರೆ.

ಹೋದ ದೀಪಾವಳಿಗೆ ಒಬ್ಬರು ಗಂಗೂಬಾಯಿ ಹಾನಗಲ್ಲರ 1930ರ ದಶಕದ ಒಂದು ಪ್ಲೇಟು ತಂದರು. ಆಗ ಅವರ ಹೆಸರು ಗಾಂಧಾರಿ. ಹಾಡಿಸಿದರೆ ತೆಳ್ಳನೆ, ಎತ್ತರದ ದನಿ! ನಾವು ಬಲ್ಲ ಗಂಗೂಬಾಯಿಯವರ ಗಂಭೀರ ಕಂಠವೇ ಅಲ್ಲ. ಬಂದವರು "ಭಾಳ ಜೋರ್ ಓಡಾಕತ್ತೈತ್ರಿ, ಇಳಸ್ರಿ" ಅಂದರು. ನನ್ನ ಕೈಯೂ ತಿರುಪಿನ ಮೇಲೆ ಹೋಗಿತ್ತು. ಲೇಬಲ್ ಮೇಲೆ ರಟ್ಟು ಇಟ್ಟೆ. 77 ಗೆರೆಯೂ ಕದಲದೆ ನಿಂತಿದ್ದವು. ಮಾಸ್ತರರು ಮೆಲ್ಲಗೆ ಹೇಳಿದರು: "ಅದು ಅವ್ವಾರ ಮೊದಲಿನ ದನೀನ ಐತಿ. ಗಂಟಲಿನ ಚಿಕಿತ್ಸೆ ಆದಮ್ಯಾಲೆ ಭಾರ ಆತು." ತಿರುಪು ಬಿಟ್ಟೆ. ಆ ಪ್ಲೇಟು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.